ಎರಡನೆಯ ನಾಯಿ

ಮನುಷ್ಯನು ಮನೆಗೆ ಹೊಸ ವಸ್ತುವೊಂದನ್ನು ತರುವಾಗ ಮೊದಲು ಬೆಲೆಯನ್ನು ವಿಚಾರಿಸುತ್ತಾನೆ. ಆಮೇಲೆ ಇಡಲು ಸ್ಥಳವುಂಟೆ ಎಂದು ನೋಡುತ್ತಾನೆ. ಪೆಟ್ಟಿಗೆಗೋ ಬೀರುವಿಗೋ ಇಷ್ಟು ವಿಚಾರ ಸಾಕು. ತಂದ ಮೇಲೆ ಬೇಡವೆನಿಸಿದರೆ ಮಾರಬಹುದು, ಮೂಲೆಗೆ ಸರಿಸಬಹುದು. ಬೀರುವಿಗೆ ಅದರಿಂದ ನೋವಿಲ್ಲ. ಜೀವವುಳ್ಳದ್ದನ್ನು ತರುವಾಗ ಈ ಲೆಕ್ಕವು ಸಾಲದು. ಒಂದು ಚಿಕ್ಕ ನಾಯಿಯನ್ನು ಸಾಕಿಕೊಂಡಿರುವ ಮನೆಯವರು ಎರಡನೆಯದನ್ನು ಯಾವಾಗ ತರಬೇಕು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವೆಂದು ತೋರಬಹುದು. ಆದರೆ ನಮ್ಮನ್ನೇ ನಂಬಿ ಬಾಳಬೇಕಾದ ಜೀವವೊಂದನ್ನು ಬರಮಾಡಿಕೊಳ್ಳುವ ಅಧಿಕಾರವು ನಮಗೆ ಎಂದು ಬರುತ್ತದೆ ಎಂಬ ದೊಡ್ಡ ಪ್ರಶ್ನೆಯು ಅದರೊಳಗೆ ಅಡಗಿದೆ. ಆದುದರಿಂದ ಅದನ್ನು ನಿಧಾನವಾಗಿ ವಿಚಾರಿಸುವುದು ಯುಕ್ತವಾಗಿದೆ.

ನಮ್ಮ ಸೀಮೆಯಲ್ಲಿ ನಾಯಿಯು ಹೊಲದ ಕಾವಲಿಗೂ ಕುರಿಹಟ್ಟಿಯ ಕಾವಲಿಗೂ ಇದ್ದ ಪ್ರಾಣಿ. ಇಂದು ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಓಣಿಗಳಲ್ಲಿ, ಬರಿಯ ಪ್ರೀತಿಗಾಗಿ ಮನೆಯೊಳಗೇ ಸಾಕುವ ಬಿಳಿಯ ತುಪ್ಪುಳದ ಚಿಕ್ಕ ನಾಯಿಗಳೂ ಕಾಣಸಿಗುತ್ತವೆ. ಮೊದಲನೆಯದು ಬಂದು ಕೆಲವು ತಿಂಗಳು ಕಳೆಯುವಷ್ಟರಲ್ಲಿ, 'ಪಾಪ, ಒಂಟಿಯಾಗಿದೆ; ಇನ್ನೊಂದನ್ನು ತರೋಣ' ಎಂಬ ಮಾತು ಹುಟ್ಟುತ್ತದೆ. ಮಾತು ದಯೆಯಿಂದಲೇ ಹುಟ್ಟಿದ್ದು, ನಿಜ. ಆದರೆ ಆ ದಯೆಯು ಯಾರ ಮೇಲೆ? ಮೊದಲನೆಯ ನಾಯಿಯ ಮೇಲೆ. ಬರಲಿರುವ ಎರಡನೆಯದು ಆ ವಾಕ್ಯದಲ್ಲಿ ಕೇವಲ ಔಷಧಿಯ ಸ್ಥಾನದಲ್ಲಿದೆ. ಒಂದರ ಬೇಸರವನ್ನು ಕಳೆಯಲು ಮತ್ತೊಂದರ ಇಡೀ ಆಯುಷ್ಯವನ್ನು ನಾವು ಗೊತ್ತುಪಡಿಸುತ್ತಿದ್ದೇವೆ.

ಜರ್ಮನಿಯ ತತ್ತ್ವಜ್ಞಾನಿ ಕಾಂಟನು 1785ರಲ್ಲಿ ಪ್ರಕಟವಾದ ತನ್ನ ನೀತಿಗ್ರಂಥದಲ್ಲಿ, ಮನುಷ್ಯನನ್ನು ಎಂದಿಗೂ ಬರಿಯ ಸಾಧನವಾಗಿ ಕಾಣಬಾರದೆಂದು ವಾದಿಸಿದನು. ಈ ಗೌರವವನ್ನು ಅವನು ಪ್ರಾಣಿಗಳಿಗೆ ವಿಸ್ತರಿಸಲಿಲ್ಲ. ಆದರೂ ದೀರ್ಘಕಾಲ ಸೇವೆಮಾಡಿ ಮುದಿಯಾದ ನಾಯಿಯನ್ನು ಕೈಲಾಗದೆಂದು ಕೊಲ್ಲುವವನು ತನ್ನೊಳಗಿನ ಮಾನವತೆಯನ್ನೇ ಕುಂದಿಸಿಕೊಳ್ಳುತ್ತಾನೆಂದು ತನ್ನ ಉಪನ್ಯಾಸಗಳಲ್ಲಿ ಒಪ್ಪಿಕೊಂಡನು. ಇಂಗ್ಲೆಂಡಿನ ಬೆಂಥಾಮನು ಇನ್ನೊಂದು ಹೆಜ್ಜೆ ಮುಂದೆ ಹೋದನು. ಪ್ರಾಣಿಗೆ ತರ್ಕಶಕ್ತಿಯುಂಟೆ, ಮಾತುಂಟೆ ಎಂದು ಕೇಳುವುದು ವ್ಯರ್ಥ. ಅದಕ್ಕೆ ನೋವುಂಟೆ ಎಂಬುದೊಂದನ್ನೇ ಕೇಳಬೇಕು ಎಂಬುದು 1789ರ ಅವನ ಗ್ರಂಥದ ಅಭಿಪ್ರಾಯ. ಇವೆರಡನ್ನೂ ಕೂಡಿಸಿ ನೋಡಿದರೆ ನಮ್ಮ ಪ್ರಶ್ನೆಗೆ ಒಂದು ಅಳತೆಗೋಲು ದೊರೆಯುತ್ತದೆ: ಮೊದಲನೆಯ ನಾಯಿಯು ನಾಳೆ ಇಲ್ಲವಾದರೂ ಈ ಎರಡನೆಯದನ್ನು ನಾವು ಇಟ್ಟುಕೊಳ್ಳುವೆವೆ? ಇವೆರಡಕ್ಕೂ ಪರಸ್ಪರ ಹೊಂದಾಣಿಕೆಯಾಗದೆ ಹೋದರೂ ಇಟ್ಟುಕೊಳ್ಳುವೆವೆ? ಹೌದೆಂದು ಧೈರ್ಯವಾಗಿ ಹೇಳಲಾರದವನಿಗೆ ಕಾಲವು ಇನ್ನೂ ಬಂದಿಲ್ಲ.

ಮಹಾಭಾರತದ ಆದಿಪರ್ವದ ಆರಂಭದಲ್ಲಿಯೇ ನಾಯಿಯೊಂದರ ಪ್ರಸಂಗವಿದೆ. ಜನಮೇಜಯನು ಸತ್ರವನ್ನು ನಡೆಸುತ್ತಿರುವಾಗ ಸರಮೆಯ ಮರಿಯೊಂದು ಅಲ್ಲಿಗೆ ಬರುತ್ತದೆ. ಅದು ಹವಿಸ್ಸನ್ನು ನೆಕ್ಕಲಿಲ್ಲ, ಅದರತ್ತ ನೋಡಲೂ ಇಲ್ಲ. ಆದರೂ ರಾಜನ ತಮ್ಮಂದಿರು ಅದನ್ನು ಹೊಡೆಯುತ್ತಾರೆ. ತಾಯಿ ಬಂದು, ನನ್ನ ಮಗುವಿನ ತಪ್ಪೇನೆಂದು ಕೇಳುತ್ತಾಳೆ. ಅವರಲ್ಲಿ ಉತ್ತರವಿಲ್ಲ. ಅವಳು ಶಪಿಸುತ್ತಾಳೆ, ಹಸ್ತಿನಾವತಿಯ ಅರಸನು ಒಂದು ನಾಯಿಯ ಶಾಪಕ್ಕೆ ಅಂಜಿ ಪರಿಹಾರಕ್ಕಾಗಿ ಪುರೋಹಿತನನ್ನು ಹುಡುಕಿಕೊಂಡು ಹೋಗುತ್ತಾನೆ. ಮರಿಯನ್ನು ತಾಯಿಯ ಮಗ್ಗುಲಿನಿಂದ ಎತ್ತಿಕೊಂಡು ಬರುವ ಪ್ರತಿಯೊಬ್ಬನ ಬೆನ್ನಹಿಂದೆಯೂ ಸರಮೆಯು ಅದೇ ಪ್ರಶ್ನೆಯನ್ನು ಕೇಳುತ್ತಿದ್ದಾಳೆ. ಆ ಮರಿಯನ್ನು ಏಕೆ ಒಯ್ದಿರಿ, ಅಲ್ಲಿ ಅದಕ್ಕೆ ಇದಕ್ಕಿಂತ ಒಳ್ಳೆಯದು ಏನುಂಟು ಎಂಬುದಕ್ಕೆ ನಮ್ಮ ಬಳಿ ಉತ್ತರವಿರಬೇಕು.

ಅದೇ ಮಹಾಕಾವ್ಯದ ಕೊನೆಯ ಭಾಗದಲ್ಲಿ, ಮಹಾಪ್ರಸ್ಥಾನದ ಹಾದಿಯಲ್ಲಿ ಧರ್ಮರಾಯನು ತನ್ನನ್ನು ಹಿಂಬಾಲಿಸಿದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದ ಕಥೆಯನ್ನು ಅರಿಯದವರಿಲ್ಲ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಆ ನಾಯಿಯನ್ನು ಧರ್ಮರಾಯನು ಕರೆತಂದಿರಲಿಲ್ಲ. ಅದು ತಾನಾಗಿಯೇ ಬಂದಿತ್ತು. ತಾನಾಗಿ ಆಶ್ರಯಿಸಿದ ಪ್ರಾಣಿಗೇ ಅಷ್ಟು ಋಣವಿರುವುದಾದರೆ, ನಾವೇ ಆರಿಸಿ, ಹಣ ತೆತ್ತು, ಅದರ ಇಚ್ಛೆಯನ್ನು ಕೇಳದೆ ತಂದ ಪ್ರಾಣಿಗೆ ಎಷ್ಟು ಋಣವಿರಬೇಡ? ತಾನಾಗಿ ಬಂದದ್ದನ್ನು ಬಿಡದಿರುವುದು ದಯೆ. ಕರೆತಂದದ್ದನ್ನು ಬಿಡದಿರುವುದು ಸಾಲ ತೀರಿಸುವಷ್ಟೇ ಕಡ್ಡಾಯವಾದ ಕರ್ತವ್ಯ.

ಇನ್ನು ಕಾಲದ ವಿಚಾರಕ್ಕೆ ಬರೋಣ. ನಾಯಿಮರಿಯು ಕನಿಷ್ಠ ಎಂಟು ವಾರಗಳವರೆಗೆ ತಾಯಿಯೊಡನೆ ಇರಬೇಕು. ಕಚ್ಚಿದರೆ ಎದುರಿನವರಿಗೆ ನೋಯುತ್ತದೆಂಬ ಮೊದಲ ಪಾಠವನ್ನು ಅದು ತಾಯಿಯಿಂದಲೂ ಒಡಹುಟ್ಟುಗಳಿಂದಲೂ ಕಲಿಯುತ್ತದೆ. ಚಿಕ್ಕ ಜಾತಿಯ ನಾಯಿಗಳು ಸುಮಾರು ಒಂದು ವರ್ಷಕ್ಕೆ ಮೈಯಲ್ಲಿ ಪೂರ್ಣ ಬೆಳೆದರೂ ಅವುಗಳ ಸ್ವಭಾವವು ನೆಲೆಗೊಳ್ಳಲು ಒಂದೂವರೆ ಎರಡು ವರ್ಷ ಹಿಡಿಯುತ್ತದೆ. ಆದುದರಿಂದಲೇ ಮೊದಲನೆಯದಕ್ಕೆ ಈ ವಯಸ್ಸು ತುಂಬುವ ಮುನ್ನ ಎರಡನೆಯದನ್ನು ತರಬಾರದೆಂದೂ, ಎರಡು ಮರಿಗಳನ್ನು ಒಮ್ಮೆಗೇ ತಂದರೆ ಅವು ಒಂದಕ್ಕೊಂದು ಅಂಟಿಕೊಂಡು ಮನುಷ್ಯನ ಮಾತನ್ನು ಲಕ್ಷಿಸುವುದಿಲ್ಲವೆಂದೂ ನಾಯಿಗಳನ್ನು ಪಳಗಿಸುವವರು ಹೇಳುವುದುಂಟು.

ಉಪಾಧ್ಯಾಯರಿಗೆ ಈ ಮಾತು ಸುಲಭವಾಗಿ ಅರ್ಥವಾಗುವುದು. ಏಕೋಪಾಧ್ಯಾಯ ಶಾಲೆಯಲ್ಲಿ ಒಂದೇ ಕೋಣೆಯೊಳಗೆ ಎರಡು ತರಗತಿಗಳನ್ನು ನಡೆಸಬೇಕಾದ ಗುರುಗಳು ಏನು ಮಾಡುತ್ತಾರೆ? ಒಂದು ತರಗತಿಯು ಕಾಲು ಗಂಟೆಯಾದರೂ ತಾನಾಗಿ ಕುಳಿತು ಲೆಕ್ಕ ಮಾಡುವಂತೆ ಮೊದಲು ರೂಢಿಮಾಡಿಸುತ್ತಾರೆ. ಆ ಬಳಿಕ ಇನ್ನೊಂದರ ಕಡೆಗೆ ತಿರುಗುತ್ತಾರೆ. ರೂಢಿಯಾಗುವ ಮುನ್ನವೇ ತಿರುಗಿದರೆ ಎರಡೂ ಕೆಡುತ್ತವೆ. ಮೇಲಾಗಿ, ಮೊದಲಿನವರು ಹೇಗಿದ್ದಾರೋ ಹಾಗೆಯೇ ಆಗುವುದು ಹಿಂದಿನಿಂದ ಬಂದವರ ಸಹಜ ಗುಣ. ಕುರಿಹಟ್ಟಿಯ ಎಳೆಯ ಮರಿಯು ಹಳೆಯ ನಾಯಿಯ ಹಿಂದೆ ತಿರುಗಿ ತಿರುಗಿ ಕೆಲಸ ಕಲಿಯುತ್ತದೆ. ಹಳೆಯದು ಶಾಂತವಾಗಿದ್ದರೆ ಶಾಂತಿಯನ್ನು ಕಲಿಯುತ್ತದೆ. ಬಾಗಿಲಿಗೆ ಬಂದವರಿಗೆಲ್ಲ ಬೊಗಳುವಂಥದಾದರೆ ಬೊಗಳುವುದನ್ನು ಕಲಿಯುತ್ತದೆ. ಒಂದರ ಕೆಟ್ಟ ಅಭ್ಯಾಸವನ್ನು ತಿದ್ದಲೆಂದು ಇನ್ನೊಂದನ್ನು ತರುವವನು ಅಭ್ಯಾಸವನ್ನು ಇಮ್ಮಡಿಸಿಕೊಳ್ಳುತ್ತಾನೆ.

ಆದರೆ ನಾಯಿಯ ವಯಸ್ಸಿಗಿಂತಲೂ ಮನೆಯ ಸ್ಥಿತಿಯು ಮುಖ್ಯವಾದುದು. ಚಿಕ್ಕ ನಾಯಿಗಳು ಹನ್ನೆರಡರಿಂದ ಹದಿನೈದು ವರ್ಷ ಬದುಕಬಲ್ಲವು. ಇಂದು ಐದನೆಯ ತರಗತಿಯಲ್ಲಿರುವ ಬಾಲಕನು ಹಟಮಾಡಿ ಮರಿಯನ್ನು ತರಿಸಿದರೆ, ಅದು ಮುದಿಯಾಗುವ ಹೊತ್ತಿಗೆ ಅವನು ವಿದ್ಯಾಭ್ಯಾಸವನ್ನು ಮುಗಿಸಿ ರಾಯಚೂರಿನಲ್ಲಿಯೋ ಹೈದರಾಬಾದಿನಲ್ಲಿಯೋ ಉದ್ಯೋಗದಲ್ಲಿರುತ್ತಾನೆ. ಆಗ ಆ ನಾಯಿಯನ್ನು ನೋಡಿಕೊಳ್ಳುವವರು ಯಾರು? ತಾಯಿ. ತರುವ ಮಾತನ್ನು ಆಡುವವರು ಒಬ್ಬರು, ತಂದ ಮೇಲೆ ನೆಲವನ್ನು ಸಾರಿಸುವವರು ಇನ್ನೊಬ್ಬರು. ಇದು ನಮ್ಮ ಮನೆಗಳಲ್ಲಿ ನಡೆದುಬಂದಿರುವ ಅನ್ಯಾಯ. ಆದುದರಿಂದ ಎರಡನೆಯದು ಬರಬೇಕೋ ಬೇಡವೋ ಎಂಬ ತೀರ್ಮಾನದಲ್ಲಿ ಮೊದಲ ಮಾತು, ಮೊದಲನೆಯದಕ್ಕೆ ಈಗ ದಿನವೂ ಅನ್ನ ನೀರು ಇಡುತ್ತಿರುವವರದಾಗಿರಬೇಕು. ಅವರು ಬೇಡವೆಂದರೆ ಉಳಿದವರೆಲ್ಲರ ಉತ್ಸಾಹವೂ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ಪ್ರಾಂತದ ಬದುಕು ಹೇಗಿದೆಯೆಂಬುದನ್ನೂ ನೆನೆಯಬೇಕು. ನಾರಾಯಣಪೇಟೆಯ ನೇಕಾರನ ಮನೆಯಲ್ಲಿ ಕುಣಿಮಗ್ಗವೂ ಒಲೆಯೂ ಮಲಗುವ ಜಾಗವೂ ಒಂದೇ ಸೂರಿನಡಿ ಇರುತ್ತವೆ. ಒಂದು ನಾಯಿಯು ಮಗ್ಗದ ಹತ್ತಿರ ಸುಮ್ಮನೆ ಮಲಗುವುದನ್ನು ಕಲಿಯಬಹುದು. ಎರಡು ಮರಿಗಳು ಸೇರಿ ಹಾಸಿನ ನೂಲಿನ ಮೇಲೆ ಒಮ್ಮೆ ಓಡಿದರೆ ದಿನಗಳ ಶ್ರಮವು ಮಣ್ಣುಪಾಲು. ಪಾಲಮೂರು ಸೀಮೆಯ ಕೂಲಿಕಾರರು ಮಳೆ ತಪ್ಪಿದ ವರ್ಷಗಳಲ್ಲಿ ಮನೆಗೆ ಬೀಗ ಹಾಕಿ ದೂರದ ಪಟ್ಟಣಗಳಿಗೆ ಹೋಗುವುದು ನಾಡಿಗೇ ತಿಳಿದ ಸಂಗತಿ. ಬೀಗ ಬಿದ್ದ ಬಾಗಿಲ ಮುಂದೆ ಕುಳಿತ ನಾಯಿಗೆ ವಲಸೆಯ ಕಾರಣವು ತಿಳಿಯದು. ಬೇಸಿಗೆಯಲ್ಲಿ ಇಲ್ಲಿಯ ಬಿಸಿಲು ನಲವತ್ತು ಡಿಗ್ರಿಯನ್ನು ಮೀರುತ್ತದೆ. ದಟ್ಟ ತುಪ್ಪುಳದ ಪ್ರಾಣಿಗೆ ಆಗ ನೆರಳೂ ನೀರೂ ಅನ್ನಕ್ಕಿಂತ ಹೆಚ್ಚು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವು ಸಾಲದ ವಿಷಯದಲ್ಲಿ ಮಾತ್ರ ನೆನೆಯುತ್ತೇವೆ. ಪ್ರೀತಿಯ ವಿಷಯದಲ್ಲಿಯೂ ಅದು ಸಲ್ಲುತ್ತದೆ.

ಹಾಗಾದರೆ ಬಡವನು ನಾಯಿಯನ್ನೇ ಸಾಕಬಾರದೆ ಎಂದು ಯಾರಾದರೂ ಆಕ್ಷೇಪಿಸಬಹುದು. ಹಾಗೆನ್ನುವುದು ನ್ಯಾಯವಲ್ಲ. ತನ್ನ ಜೋಳದ ರೊಟ್ಟಿಯಲ್ಲಿ ದಿನವೂ ತಪ್ಪದೆ ತುಂಡೊಂದನ್ನು ಮುರಿದುಕೊಡುವ ಗುಡಿಸಲಿನವನು, ಮಾಳಿಗೆಯ ಮೇಲೆ ನಾಯಿಯನ್ನು ಕಟ್ಟಿಹಾಕಿ ಮರೆಯುವ ಶ್ರೀಮಂತನಿಗಿಂತ ಒಳ್ಳೆಯ ಒಡೆಯನು. ಇಲ್ಲಿ ಬೇಕಾದುದು ಸಿರಿಗಿಂತ ಮಿಗಿಲಾಗಿ ನಿಶ್ಚಯ. ಆದರೂ ಕೆಲವು ವೆಚ್ಚಗಳನ್ನು ನಿಶ್ಚಯವೊಂದೇ ಭರಿಸಲಾರದು. ಮೂರು ತಿಂಗಳಾದೊಡನೆ ಹುಚ್ಚುನಾಯಿರೋಗದ ಲಸಿಕೆ, ಬಳಿಕ ಕಾಲಕಾಲಕ್ಕೆ ಅದರ ಪುನರಾವೃತ್ತಿ, ಇವು ತಪ್ಪಬಾರದು. ಪಾಶ್ಚರನು 1885ರಲ್ಲಿ ಮನುಷ್ಯನಿಗೆ ಚಿಕಿತ್ಸೆಯನ್ನು ಕಂಡುಹಿಡಿದಿದ್ದರೂ, ಲಕ್ಷಣಗಳು ತೋರಿದ ಮೇಲೆ ಆ ರೋಗದಿಂದ ಉಳಿಯುವವರು ಇಲ್ಲವೆಂಬಷ್ಟು ವಿರಳ. ಗಂಡು ಹೆಣ್ಣು ಜೋಡಿಯನ್ನು ಸಾಕುವವರು ಇನ್ನೂ ಒಂದನ್ನು ನೆನೆಯಬೇಕು. ಹೆಣ್ಣುನಾಯಿಯು ಆರು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭದ ಅವಧಿ ಸುಮಾರು 63 ದಿನ. ಸಂತಾನಹರಣ ಚಿಕಿತ್ಸೆಯನ್ನು ಮಾಡಿಸದಿದ್ದರೆ 'ಎರಡನೆಯದು' ಎಂಬ ಪ್ರಶ್ನೆಯು ವರ್ಷದೊಳಗೆ ಆರನೆಯದು, ಏಳನೆಯದು ಎಂದಾಗುತ್ತದೆ. ಆ ಮರಿಗಳು ಕೊನೆಗೆ ಸೇರುವುದು ಬೀದಿಯನ್ನು. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗಳಿಗೆ ಈಡಾಗುವಂತೆ ಕಾರಣವಿಲ್ಲದೆ ಬಿಟ್ಟುಬಿಡುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧ. ಕಾಯಿದೆಯು ಇಲ್ಲದಿದ್ದರೂ ಅದು ಅಪರಾಧವೇ.

ಮುದಿ ನಾಯಿಯು ಸಾಯುವ ಮುನ್ನವೇ ಇನ್ನೊಂದನ್ನು ತಂದರೆ ದುಃಖವು ಹಗುರವಾಗುವುದೆಂದು ಕೆಲವರು ಹೇಳುತ್ತಾರೆ. ಇಲ್ಲಿಯೂ ವಿವೇಚನೆ ಬೇಕು. ಕೀಲುನೋವಿನಿಂದ ಎದ್ದು ನಿಲ್ಲಲಾರದ ಪ್ರಾಣಿಯ ಮೇಲೆ ಎಳೆಯ ಮರಿಯನ್ನು ಹಾರಲು ಬಿಡುವುದು ಅದರ ಕೊನೆಯ ದಿನಗಳ ನೆಮ್ಮದಿಯನ್ನು ಕಸಿದಂತೆ. ಅಲ್ಲದೆ ಒಂದರ ಸ್ಥಾನಕ್ಕೆ ಇನ್ನೊಂದು ಎಂಬ ಭಾವನೆಯೇ ಸರಿಯಾದುದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಿಲಾಶಾಸನವು ಸುಮಾರು ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಮೆರೆದ ಗಂಗರ ವೀರ ಮಣಲೇರನು ಒಡೆಯನ ಮೆಚ್ಚುಗೆಯ ವರವಾಗಿ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಅದು ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಎರಡೂ ಮಡಿದವು. ಅದರ ನೆನಪಿಗೆ ಕಲ್ಲು ನಿಂತಿತು, ಭೂಮಿಯನ್ನು ಬಿಡಲಾಯಿತು. ಮಣಲೇರನು ಬೇಡಿದ್ದು 'ಒಂದು ನಾಯಿ'ಯನ್ನಲ್ಲ, ಕಾಳಿಯನ್ನು. ಹೆಸರುಳ್ಳ ಪ್ರಾಣಿಗೆ ಬದಲಿಯಿಲ್ಲ. ಆದರೆ ಅದೇ ಶಾಸನದಿಂದ ಇನ್ನೊಂದು ಪಾಠವನ್ನೂ ಕಲಿಯಬಹುದು: ಸತ್ತ ಮೇಲೆ ಕಲ್ಲು ನಿಲ್ಲಿಸುವುದಕ್ಕಿಂತ, ಇರುವಾಗ ಅದನ್ನು ಹಂದಿಯ ಕೋರೆಗೆ ಒಡ್ಡದಿರುವುದು ಕಠಿನತರವಾದ ಪ್ರೀತಿ.

ಇಷ್ಟರಲ್ಲಿ ಮಳೆಯ ರಾತ್ರಿ ತಾನಾಗಿಯೇ ಬಾಗಿಲಿಗೆ ಬಂದ ಮರಿಯೊಂದಿದ್ದರೆ ಏನು ಮಾಡಬೇಕು? ಅದಕ್ಕೆ ಮುಹೂರ್ತವನ್ನು ನೋಡುತ್ತ ಕುಳಿತಿರಲಾಗದು. ಒಣಗಿದ ಗೋಣಿ, ಬೆಚ್ಚನೆಯ ಮೂಲೆ, ತುತ್ತು ಅನ್ನ, ಇವನ್ನು ಆ ಕ್ಷಣವೇ ಕೊಡಬೇಕು. ಆದರೆ ಆಪತ್ತಿನ ಆಶ್ರಯವೇ ಬೇರೆ, ಮನೆಯ ಸದಸ್ಯತ್ವವೇ ಬೇರೆ. ಬೆಳಗಾದ ಮೇಲೆ ಮೇಲಿನ ಪ್ರಶ್ನೆಗಳನ್ನೆಲ್ಲ ಕೇಳಿಕೊಂಡು, ನಮ್ಮಲ್ಲಿ ಶಕ್ತಿಯಿಲ್ಲವೆಂದು ಕಂಡರೆ ಅದಕ್ಕೆ ತಕ್ಕ ಮನೆಯನ್ನು ಹುಡುಕಿಕೊಡುವುದೂ ಧರ್ಮವೇ.

ಮಕ್ತಲ್ ಬಳಿಯ ಪಂಚದೇವ ಪಹಾಡದಿಂದ ಕೃಷ್ಣೆಯನ್ನು ದಾಟಿ ಕುರುವಪುರಕ್ಕೆ ಹೋಗುವ ಭಕ್ತರು ದತ್ತಾತ್ರೇಯನ ಚಿತ್ರದಲ್ಲಿ ನಾಲ್ಕು ನಾಯಿಗಳಿಗೂ ಕೈಮುಗಿಯುತ್ತಾರೆ. ಅವು ನಾಲ್ಕು ವೇದಗಳೆಂಬುದು ಸಂಪ್ರದಾಯ. ಚಿತ್ರದ ನಾಯಿಗಳನ್ನು ಪೂಜಿಸುವುದು ಸುಲಭ, ಅವಕ್ಕೆ ಹಸಿವಿಲ್ಲ. ಗದ್ವಾಲದಿಂದ ತೆಂಕಲಿಗೆ ತುಂಗಭದ್ರೆಯನ್ನು ದಾಟಿದರೆ ಸಿಗುವ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅಶೋಕನ ಬಂಡೆಶಾಸನಗಳಿವೆ. ಅವುಗಳಲ್ಲೊಂದು ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನು ಏರ್ಪಡಿಸಿದುದನ್ನು, ಮೂಲಿಕೆಗಳನ್ನು ನೆಡಿಸಿದುದನ್ನು, ದಾರಿಯಲ್ಲಿ ಬಾವಿಗಳನ್ನು ತೋಡಿಸಿದುದನ್ನು ಹೇಳುತ್ತದೆ. ಇಪ್ಪತ್ತೆರಡು ಶತಮಾನಗಳಿಗೂ ಹಿಂದೆ ಆ ಅರಸನು ದಯೆಯನ್ನು ಮೂಲಿಕೆಯ ಗಿಡಗಳಲ್ಲಿ, ಬಾವಿಗಳಲ್ಲಿ ಎಣಿಸಿದನು. ನಾವೂ ಹಾಗೆಯೇ ಎಣಿಸಬೇಕು.

ಆದುದರಿಂದ ಮರಿಯನ್ನು ಬಯಸುವ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಎರಡನೆಯದನ್ನು ತರುವ ಮುನ್ನ ಒಂದು ತಿಂಗಳ ಕಾಲ, ಅದು ಬಂದೇ ಇದೆಯೆಂದು ತಿಳಿದು ನಡೆಯಿರಿ. ಅದರ ಪಾಲಿನ ಹಣವನ್ನು ಡಬ್ಬಿಯಲ್ಲಿ ಹಾಕಿರಿ. ಅದಕ್ಕೆ ಬೇಕಾಗುವ ಸಮಯವನ್ನು ಬೆಳಗ್ಗೆ ಸಂಜೆ ಮೊದಲನೆಯ ನಾಯಿಗೇ ಹೆಚ್ಚಾಗಿ ಕೊಡಿರಿ. ಅದರ ಒಂಟಿತನವು ಇಷ್ಟರಿಂದಲೇ ಹೋದರೆ, ಅದಕ್ಕೆ ಬೇಕಾಗಿದ್ದುದು ಇನ್ನೊಂದು ನಾಯಿಯಲ್ಲ, ನೀವು. ತಿಂಗಳು ಕಳೆದರೂ ನಿಮ್ಮ ಉತ್ಸಾಹವು ಕುಂದದೆ, ಡಬ್ಬಿಯು ಬರಿದಾಗದೆ, ಮನೆಯ ತಾಯಿಯ ಮುಖದಲ್ಲಿ ಬೇಸರವು ಕಾಣದೆ ಇದ್ದರೆ, ಆಗ ಹೋಗಿ ಮರಿಯನ್ನು ತನ್ನಿರಿ. ಮತ್ತು ಅಂದೇ ಅದಕ್ಕೆ ಒಂದು ಹೆಸರನ್ನಿಡಿರಿ.