ತಿಳಿದ ಮೇಲೆ ಎಲ್ಲವೂ ಸುಲಭ

ಒಗಟು ಒಡೆದ ಮೇಲೆ ‘ಓಹೋ, ಇಷ್ಟೇನೆ!’ ಎನ್ನದವರು ವಿರಳ. ಅದೇ ಉದ್ಗಾರವನ್ನು ಒಬ್ಬನು ತಿದ್ದಿ ಮಾಡಿದ ಯಂತ್ರದ ಮುಂದೆ ನಿಂತು ತೆಗೆದರೆ ನ್ಯಾಯವಾದೀತೆ? ಪಾಠ ಹೇಳುವ ನನಗೆ ಕಾನೂನು ದೂರದ ನೆಂಟ. ಆದರೂ ಪೇಟೆಂಟಿನ ಮೊಕದ್ದಮೆಯೊಂದು ಈ ಪ್ರಶ್ನೆಯನ್ನು ನನ್ನ ಮನಸ್ಸಿನಲ್ಲಿ ಕೆಣಕಿದೆ.

ಉತ್ತರ ಪ್ರದೇಶದ ಮಿರ್ಜಾಪುರ ಹಿತ್ತಾಳೆ ಪಾತ್ರೆಗಳ ಊರು. ಪಾತ್ರೆಯನ್ನು ಲೇತಿಗೆ ಸಿಕ್ಕಿಸಿ, ತಿರುಗಿಸುತ್ತ ಹೆರೆದು ನಯಮಾಡುವಾಗ ಅದು ಕಳಚಿ ಹಾರುತ್ತಿತ್ತು. ಕೆಲಸಗಾರರಿಗೆ ಅಪಾಯ ತಪ್ಪದು. ಪಾತ್ರೆಯನ್ನು ಒತ್ತಿ ಭದ್ರವಾಗಿ ಹಿಡಿಯುವ ಸಾಧನವೊಂದಕ್ಕೆ ಅಲ್ಲಿಯ ಕಾರ್ಖಾನೆಯೊಂದು 1951ರಲ್ಲಿ ಪೇಟೆಂಟ್ ಪಡೆಯಿತು. ಪ್ರತಿಸ್ಪರ್ಧಿಯೊಡನೆ ವ್ಯಾಜ್ಯ ಹೂಡಿತು. ಅಲಹಾಬಾದ್ ಉಚ್ಚ ನ್ಯಾಯಾಲಯದ ಒಬ್ಬ ನ್ಯಾಯಮೂರ್ತಿ ‘ಇದರಲ್ಲಿ ಹೊಸತಿಲ್ಲ’ ಎಂದರು. ಮೇಲ್ಮನವಿಯ ಪೀಠ ‘ಇದೆ’ ಎಂದಿತು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಇದು ಹಳೆಯ ಉಪಾಯದ ಅಲ್ಪ ಮಾರ್ಪಾಟು, ಕಮ್ಮಟದ ಮಟ್ಟದ ಸುಧಾರಣೆ ಮಾತ್ರ ಎಂದು ತೀರ್ಪಿತ್ತಿತು. ಬಲ್ಲವರೇ ಹೀಗೆ ಭಿನ್ನವಾಗಿ ಕಂಡರೆಂದ ಮೇಲೆ, ‘ಸುಲಭ’ ಎಂಬುದು ಅಷ್ಟು ಸುಲಭವಲ್ಲ!

ಇಲ್ಲಿ ಕಾನೂನು ಒಬ್ಬ ಕಲ್ಪಿತ ಪುರುಷನನ್ನು ನಿಲ್ಲಿಸುತ್ತದೆ. ಅವನು ಆ ಕಸುಬನ್ನು ಬಲ್ಲವನು. ಮಹಾಪ್ರತಿಭಾವಂತನಲ್ಲ, ಮಂಕನೂ ಅಲ್ಲ. ಮುಖ್ಯವಾಗಿ, ಅವನು ಆವಿಷ್ಕಾರದ ಹಿಂದಿನ ದಿನದಲ್ಲಿ ನಿಂತಿರಬೇಕು. ಆ ದಿನ ಅವನಿಗೆ ಈ ಮಾರ್ಪಾಟು ಸಹಜವಾಗಿ ಹೊಳೆಯುತ್ತಿತ್ತೆ? ತೀರ್ಪು ಕೊಡುವವನು ತನಗೆ ಗೊತ್ತಿರುವುದನ್ನು ಮರೆತು ಆ ಪುರುಷನ ಕಣ್ಣಿನಿಂದ ನೋಡಬೇಕು. ಇದಕ್ಕೆ ಬುದ್ಧಿಗಿಂತ ಹೆಚ್ಚಾಗಿ ವಿನಯ ಬೇಕು.

ಜೀವ ಕಾಯುವ ಸಾಧನಕ್ಕೆ ಮನ್ನಣೆಯಿಲ್ಲವೆ ಎಂದು ಓದುಗರು ಕೇಳಬಹುದು. ಉಪಕಾರ ಬೇರೆ, ಒಡೆತನ ಬೇರೆ. ಇಂದಿನ ಕಾಯಿದೆಯಲ್ಲಿ ಪೇಟೆಂಟಿನ ಅವಧಿ 20 ವರ್ಷ. ಅಷ್ಟು ಕಾಲ ಉಳಿದವರ ಕೈ ಕಟ್ಟುವ ಹಕ್ಕು ಅದು. ಯಾವ ಜಾಣ ಕಸುಬುದಾರನೂ ನಾಳೆ ತಾನಾಗಿ ಮುಟ್ಟಬಹುದಾದ ಹೆಜ್ಜೆಗೆ ಬೇಲಿ ಹಾಕಿದರೆ, ಅಪಾಯದ ಹಳೆಯ ಲೇತಿನ ಮುಂದೆ ಉಳಿಯುವವರು ಬಡ ಕೆಲಸಗಾರರೇ.

ಆದುದರಿಂದ ತೀರ್ಪು ನನಗೆ ಒಪ್ಪಿಗೆ. ಆದರೆ ಒಂದು ಮಾತು: ಒಡೆತನವನ್ನು ನಿರಾಕರಿಸುವಾಗ ಕೃತಜ್ಞತೆಯನ್ನೂ ನಿರಾಕರಿಸಬೇಕಾಗಿಲ್ಲ. ‘ಇಷ್ಟೇನೆ’ ಎನ್ನುವ ನಾವು, ಆ ‘ಇಷ್ಟ’ನ್ನು ಮೊದಲು ಮಾಡಿದವನಿಗೆ ಒಂದು ನಮಸ್ಕಾರವನ್ನಾದರೂ ಸಲ್ಲಿಸಬೇಡವೆ?