ನಿದ್ರಿಸುವವರ ಪರವಾಗಿ



ಆಗಸ್ಟ್ ತಿಂಗಳು ಬಂತೆಂದರೆ ನಮ್ಮ ಮನೆಗಳಲ್ಲಿ ವೇಳಾಂಗಣ್ಣಿಯ ಮಾತು ಶುರುವಾಗುತ್ತದೆ. 29ರಂದು ಅಲ್ಲಿ ಧ್ವಜಾರೋಹಣ, ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನದ ಹಬ್ಬ. ಕಾಲ್ನಡಿಗೆಯಲ್ಲಿ ಹೊರಟವರು ದಾರಿಯುದ್ದಕ್ಕೂ ದೇವಾಲಯದ ಅಂಗಳ, ಶಾಲೆಯ ಜಗಲಿ, ಕಲ್ಯಾಣ ಮಂಟಪ, ತೋಪು ಎಂದು ಸಿಕ್ಕಿದ ಕಡೆ ಬಿಡಾರ ಹೂಡುತ್ತಾರೆ. ಬೇಸಿಗೆ ರಜೆಯಲ್ಲಿ ನಮ್ಮ ಯುವಜನರೂ ಶಿಬಿರವೆಂದು ಡೇರೆಗಳಲ್ಲಿ, ಸಭಾಂಗಣದ ನೆಲದ ಮೇಲೆ ಸಾಲಾಗಿ ಮಲಗುತ್ತಾರೆ.

ಇಂಥ ಬಿಡಾರಗಳಲ್ಲಿ ಪ್ರತಿ ವರ್ಷವೂ ಏಳುವ ಒಂದು ಸಣ್ಣ ಜಗಳವಿದೆ. ನಸುಕಿನ ನಾಲ್ಕು ಗಂಟೆಗೆ ಕೆಲವರು ಎದ್ದು ಗಟ್ಟಿಯಾಗಿ ಜಪಸರ ಆರಂಭಿಸುತ್ತಾರೆ, ಮೈಕಿನಲ್ಲಿ ಗೀತೆ ಹಾಕುತ್ತಾರೆ. ಮಲಗಿದ್ದವರು ಗೊಣಗುತ್ತಾರೆ. ಎದ್ದವರು, "ದೇವರ ಹೆಸರು ಕಿವಿಗೆ ಬಿದ್ದರೆ ನಷ್ಟವೇನು?" ಎನ್ನುತ್ತಾರೆ. ಅಷ್ಟಕ್ಕೆ ಮಾತು ನಿಲ್ಲುತ್ತದೆ, ಮರುದಿನ ಮತ್ತೆ ಅದೇ ನಡೆಯುತ್ತದೆ. ಇದು ಬರೀ ನಿದ್ದೆಗೆಟ್ಟವರ ಸಿಡುಕೇ, ಅಥವಾ ಇದರೊಳಗೆ ನಮ್ಮ ಮನಸ್ಸಾಕ್ಷಿಗೆ ಸೇರಿದ ಪ್ರಶ್ನೆ ಇದೆಯೇ ಎಂದು ನಾವು ಕೂತು ಯೋಚಿಸುವುದು ಒಳ್ಳೆಯದು.

ಜನ ಒಟ್ಟಾಗಿ ಬಯಲಲ್ಲಿ ತಂಗುವ ಕಡೆಯಲ್ಲೆಲ್ಲ ರಾತ್ರಿಯ ಮೌನಕ್ಕೆ ಒಂದು ಕಟ್ಟಳೆ ಇದ್ದೇ ಇರುತ್ತದೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅನಗತ್ಯ ಸದ್ದು ಮಾಡುವಂತಿಲ್ಲ. ಸ್ಪೇನಿನಲ್ಲಿ ಸಂತ ಯಕೋಬರ ಪುಣ್ಯಕ್ಷೇತ್ರವಾದ ಸಾಂತಿಯಾಗೊಗೆ ನಡೆದುಹೋಗುವ ಯಾತ್ರಿಕರ ತಂಗುದಾಣಗಳಲ್ಲಿ ಸಾಮಾನ್ಯವಾಗಿ ರಾತ್ರಿ 10ಕ್ಕೆ ಬಾಗಿಲು ಹಾಕಿ ದೀಪ ಆರಿಸುತ್ತಾರೆ. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಕೂಡ ರಾತ್ರಿಯೆಂದರೆ 10ರಿಂದ 6 ಎಂದೇ ಹೇಳುತ್ತವೆ. ಜನವಸತಿ ಇರುವ ಕಡೆ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45 ಡೆಸಿಬೆಲ್ ಮಿತಿ. ಹಬ್ಬಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಧ್ವನಿವರ್ಧಕಕ್ಕೆ ರಿಯಾಯಿತಿ ಕೊಡಬಹುದು. ಅದೂ ರಾತ್ರಿ 12ರವರೆಗೆ ಮಾತ್ರ. ನಸುಕಿನ ನಾಲ್ಕು ಗಂಟೆಗೆ ಹಬ್ಬದ ಹೆಸರಿನಲ್ಲೂ ಆ ರಿಯಾಯಿತಿ ಇಲ್ಲ.

ಬಿಡಾರದಲ್ಲಿ ಈ ಕಟ್ಟಳೆ ಇನ್ನೂ ಹೆಚ್ಚು ಬೇಕಾಗುತ್ತದೆ. ಮನೆಗೆ ಗೋಡೆಯಿದೆ, ಬಾಗಿಲಿದೆ. ಡೇರೆಗೆ ಇರುವುದು ಬಟ್ಟೆ. ಒಬ್ಬರು ಚೀಲದ ಜಿಪ್ ಎಳೆದರೆ ಪಕ್ಕದ ನಾಲ್ವರಿಗೆ ಕೇಳಿಸುತ್ತದೆ. ಸಾಂತಿಯಾಗೊ ದಾರಿಯ ಯಾತ್ರಿಕರು ಹೆಚ್ಚಾಗಿ ದೂರುವುದು ಕೂಡ ನಸುಕಿನಲ್ಲಿ ಎದ್ದವರ ಪ್ಲಾಸ್ಟಿಕ್ ಚೀಲಗಳ ಪರಪರ ಸದ್ದನ್ನು, ಕಣ್ಣಿಗೆ ಹೊಡೆಯುವ ಟಾರ್ಚಿನ ಬೆಳಕನ್ನು.

ರಾತ್ರಿಯ ಗಲಾಟೆಗಿಂತ ನಸುಕಿನ ಸದ್ದು ಕಷ್ಟದ ವಿಷಯ. ಹನ್ನೊಂದು ಗಂಟೆಯಾದರೂ ಹರಟೆ ಹೊಡೆಯುವವನಿಗೆ ತಾನು ಮಾಡುತ್ತಿರುವುದು ತಪ್ಪೆಂದು ಒಳಗೊಳಗೇ ಗೊತ್ತಿರುತ್ತದೆ. ಯಾರಾದರೂ "ಸಾಕು ಮಲಗಪ್ಪಾ" ಎಂದರೆ ಸುಮ್ಮನಾಗುತ್ತಾನೆ. ಬೇಗ ಎದ್ದವನಿಗೆ ಹಾಗಲ್ಲ. ಬೇಗ ಏಳುವುದು ಒಳ್ಳೆಯ ಗುಣವೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ಹೊಲಗದ್ದೆ, ತೋಟ, ದನಕರು ಇದ್ದ ಮನೆಗಳಲ್ಲಿ ಅದು ಬದುಕಿಗೇ ಬೇಕಿತ್ತು. ಬಿಸಿಲೇರುವ ಮೊದಲು ದಾರಿ ಸವೆಸಬೇಕಾದ ಯಾತ್ರಿಕರಿಗೆ ಈಗಲೂ ಬೇಕು. ಆದ್ದರಿಂದ ಎದ್ದವನಿಗೆ ತಾನು ಶ್ರದ್ಧಾವಂತ, ಮಲಗಿರುವವನು ಸೋಮಾರಿ ಎಂಬ ಭಾವನೆ ಬರುವುದು ಸುಲಭ. ತನ್ನ ಸದ್ದು ಇತರರಿಗೆ ಉಪಕಾರವೆಂದೇ ಅವನು ನಂಬುತ್ತಾನೆ. ಜ್ಞಾನೋಕ್ತಿಗಳ ಗ್ರಂಥ ಬರೆದವರಿಗೆ ಈ ಮನುಷ್ಯನ ಪರಿಚಯ ಚೆನ್ನಾಗಿತ್ತು. 27ನೇ ಅಧ್ಯಾಯದ 14ನೇ ವಚನ ತೆಗೆದು ನೋಡಿ. ಮುಂಜಾನೆ ಎದ್ದು ನೆರೆಯವನನ್ನು ಏರುದನಿಯಲ್ಲಿ ಹರಸುವವನ ಹರಕೆ ಶಾಪಕ್ಕೆ ಸಮವಾಗುತ್ತದೆ ಎಂಬ ಎಚ್ಚರಿಕೆ ಅಲ್ಲಿದೆ. ಹರಕೆಯಲ್ಲಿ ದೋಷವಿಲ್ಲ, ಹೊತ್ತಿನಲ್ಲಿ ಮತ್ತು ದನಿಯಲ್ಲಿ ದೋಷವಿದೆ.

ಇದು ಕೇವಲ ಸೌಜನ್ಯದ ಮಾತಲ್ಲ, ನ್ಯಾಯದ ಮಾತು ಎಂದು ನಾವು ಹೇಳುವುದಕ್ಕೆ ಕಾರಣವಿದೆ. ಎಚ್ಚರವಿರುವವನು ಮತ್ತು ಮಲಗಿರುವವನು ಸಮಬಲರಲ್ಲ. ಎಚ್ಚರವಿರುವವನು ಮಾತಾಡಬಲ್ಲ, ಕೇಳಬಲ್ಲ, ಬೇಡವೆನ್ನಬಲ್ಲ. ಮಲಗಿರುವವನು ಒಪ್ಪಿಗೆಯನ್ನೂ ಕೊಡಲಾರ, ತಕರಾರನ್ನೂ ಮಾಡಲಾರ. "ಯಾರೂ ಬೇಡ ಅನ್ನಲಿಲ್ಲವಲ್ಲ" ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಬೇಡ ಎನ್ನಲು ಅವನು ಎದ್ದಿರಬೇಕು, ಎದ್ದನೆಂದರೆ ನಿದ್ದೆ ಆಗಲೇ ಹೋಗಿರುತ್ತದೆ. ಕ್ಷಮೆ ಕೇಳಿದರೂ ಅದನ್ನು ತಿರುಗಿ ಕೊಡಲಾಗುವುದಿಲ್ಲ. ತನ್ನ ಪರವಾಗಿ ಮಾತಾಡಲಾಗದವನ ಪರವಾಗಿ ಯೋಚಿಸುವ ಹೊಣೆ ಮಾತಾಡಬಲ್ಲವನ ಮೇಲೆಯೇ ಬೀಳುತ್ತದೆ. ಹಸುಳೆ, ರೋಗಿ, ಸತ್ತವರ ವಿಷಯದಲ್ಲಿ ನಾವು ಇದನ್ನು ಒಪ್ಪುತ್ತೇವೆ. ನಿದ್ರಿಸುವವನೂ ಆ ಎಂಟು ಗಂಟೆಗಳ ಮಟ್ಟಿಗೆ ಅದೇ ಸಾಲಿಗೆ ಸೇರಿದವನು.

ನಮ್ಮ ಗಡಿಭಾಗದವರಿಗೆ ಇದಕ್ಕೊಂದು ಹತ್ತಿರದ ಉದಾಹರಣೆಯಿದೆ. ನೀಲಗಿರಿಯಿಂದಲೂ ವಯನಾಡಿನಿಂದಲೂ ಗುಂಡ್ಲುಪೇಟೆಗೆ ಹೋಗುವ ರಸ್ತೆಗಳು ಬಂಡೀಪುರದ ಕಾಡಿನೊಳಗೆ ಹಾದುಹೋಗುತ್ತವೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ತಡೆ ಇದೆ. ವ್ಯಾಪಾರಿಗಳಿಗೆ, ಆಸ್ಪತ್ರೆಗೆ ಹೋಗುವವರಿಗೆ ಅದರಿಂದ ತೊಂದರೆಯೂ ಇದೆ, ಆ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಆನೆ, ಜಿಂಕೆ ಬಂದು ಅರ್ಜಿ ಕೊಡಲಿಲ್ಲ. ಅವುಗಳ ಪರವಾಗಿ ಮನುಷ್ಯರೇ ಯೋಚಿಸಬೇಕಾಯಿತು. ಕಾಡಿನ ರಾತ್ರಿಗೆ ಒಂದು ಮಿತಿ ಬೇಕೆಂದು ಒಪ್ಪಿದವರು ನಾವು. ಪಕ್ಕದ ಚಾಪೆಯ ಮೇಲೆ ಮಲಗಿದ ಸಹೋದರನಿಗೆ ಅಷ್ಟಾದರೂ ಸಲ್ಲಬೇಕು.

ಯಾರು ಮಲಗಿರುತ್ತಾರೆ ಎಂಬುದನ್ನೂ ನೋಡೋಣ. ರಾತ್ರಿ ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು ಹನ್ನೆರಡಕ್ಕೆ ತಲೆ ಇಟ್ಟ ಅಡುಗೆಯ ಅಕ್ಕಂದಿರು. ಮಗುವಿಗೆ ಹಾಲೂಡಿಸುತ್ತಾ ಮೂರು ಸಲ ಎದ್ದ ತಾಯಿ. ಸಕ್ಕರೆ ಕಾಯಿಲೆಯ ಅಜ್ಜ. ಬೆಳಿಗ್ಗೆ ದಿಂಬಂ ಘಾಟಿಯ 27 ತಿರುವುಗಳಲ್ಲಿ ಐವತ್ತು ಜೀವಗಳನ್ನು ಇಳಿಸಬೇಕಾದ ಬಸ್ಸಿನ ಚಾಲಕ. ಅವನ ನಿದ್ದೆ ಅವನೊಬ್ಬನದಲ್ಲ. ಶಿಬಿರಕ್ಕೆ ಬಂದ ಹದಿಹರೆಯದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ರಾತ್ರಿ ಹನ್ನೊಂದೂವರೆಗೆ ಬೆಂಕಿ ಸುತ್ತಲಿನ ಹಾಡು ಮುಗಿಸಿ, ನಾಲ್ಕೂವರೆಗೆ ಗಂಟೆ ಬಾರಿಸಿದರೆ ಅವರಿಗೆ ಸಿಗುವುದು ಐದು ಗಂಟೆ. ಬಳಿಕ ಧ್ಯಾನದ ಹೊತ್ತಿನಲ್ಲಿ ಅವರು ತೂಕಡಿಸಿದರೆ ಬೈಯುವುದು ಹೇಗೆ? ಬೇಲಿಯಾಚೆ ಊರಿನವರೂ ಇದ್ದಾರೆ. ಅವರು ನಮ್ಮ ಧರ್ಮದವರಲ್ಲದಿರಬಹುದು. ನಮ್ಮ ಮೈಕಿನಿಂದಲೇ ಅವರಿಗೆ ಕ್ರಿಸ್ತನ ಮೊದಲ ಪರಿಚಯವಾಗುವುದಾದರೆ ಅದು ಎಂಥ ಪರಿಚಯ? ಚೆನ್ನೈನ ಒಂದು ಕ್ರೈಸ್ತ ಸಭೆಯ ಸದ್ದಿನ ಬಗ್ಗೆ ನೆರೆಯವರು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 2000ದ ಆಗಸ್ಟಿನಲ್ಲಿ ಕೊಟ್ಟ ತೀರ್ಪು ನಮಗೆಲ್ಲ ನೆನಪಿರಬೇಕು. ಇತರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲವೆಂದು ನ್ಯಾಯಾಲಯ ಅಭಿಪ್ರಾಯಪಟ್ಟಿತು.

ಈಗ ನಮ್ಮದೇ ಆದ ಒಂದು ಕಷ್ಟಕ್ಕೆ ಬರೋಣ. ಹಲವು ಭಾಷೆಗಳ ಧರ್ಮಪ್ರಾಂತ್ಯದಲ್ಲಿ ಕನ್ನಡದವರು ಕೆಲವೇ ಮಂದಿ. ಒಟ್ಟು ಶಿಬಿರವೋ ಯಾತ್ರೆಯೋ ಆದಾಗ ಸಂಜೆಯ ಒಳ್ಳೆಯ ಹೊತ್ತು ದೊಡ್ಡ ಗುಂಪಿನ ಭಾಷೆಗೆ ಹೋಗುತ್ತದೆ, ಕನ್ನಡದ ಜಪಸರಕ್ಕೆ ಉಳಿಯುವುದು ರಾತ್ರಿ ಒಂಬತ್ತೂಮುಕ್ಕಾಲು ಅಥವಾ ನಸುಕಿನ ನಾಲ್ಕೂವರೆ. ಆಮೇಲೆ ಹತ್ತು ಗಂಟೆಗೆ "ಮೌನ" ಎಂದರೆ ಕಟ್ಟಳೆ ಬೀಳುವುದು ನಮ್ಮ ಮೇಲೆಯೇ. ಆಗ ನಮ್ಮವರಿಗೆ ದನಿ ಏರಿಸಿ, "ನಾವೂ ಇದ್ದೇವೆ" ಎಂದು ತೋರಿಸುವ ಆಸೆ ಬರುವುದು ಸಹಜ. ಆ ನೋವು ಸುಳ್ಳಲ್ಲ. ಆದರೆ ನಮಗೆ ಹೊತ್ತು ಕೊಡದಿದ್ದವರು ವೇಳಾಪಟ್ಟಿ ಹಾಕಿದವರು. ನಮ್ಮ ಸದ್ದಿಗೆ ಏಳುವವರು ಪಾತ್ರೆ ತೊಳೆದ ಅಕ್ಕಂದಿರು. ಒಬ್ಬರು ಮಾಡಿದ ಅನ್ಯಾಯಕ್ಕೆ ಇನ್ನೊಬ್ಬರ ನಿದ್ದೆಯಿಂದ ಬೆಲೆ ಕಟ್ಟಿಸುವುದು ಸರಿಯಲ್ಲ. ಹಾಗೆಯೇ, ಹಗಲಿನ ಹೊತ್ತನ್ನು ಸರಿಯಾಗಿ ಹಂಚದೆ ರಾತ್ರಿಯ ಮೌನವನ್ನು ಮಾತ್ರ ಬಿಗಿಯಾಗಿ ಹೇರುವುದೂ ಸರಿಯಲ್ಲ. ಮೌನದ ಕಟ್ಟಳೆ ನ್ಯಾಯವಾಗಬೇಕಾದರೆ ಮೊದಲು ಸರದಿ ನ್ಯಾಯವಾಗಬೇಕು. ಇಂದು ಸಂಜೆ ಏಳಕ್ಕೆ ತಮಿಳು, ನಾಳೆ ಮಲಯಾಳಂ, ನಾಡಿದ್ದು ಕನ್ನಡ ಎಂದಾದರೆ ಹತ್ತು ಗಂಟೆಯ ಮೌನವನ್ನು ಎಲ್ಲರೂ ಸಂತೋಷದಿಂದ ಪಾಲಿಸುತ್ತಾರೆ. ಈ ಮಾತನ್ನು ನಾವು ಸಿದ್ಧತಾ ಸಭೆಯಲ್ಲಿ ಹಗಲು ಹೊತ್ತಿನಲ್ಲೇ ಧೈರ್ಯವಾಗಿ ಹೇಳಬೇಕು.

ಇದಕ್ಕೆ ಆಕ್ಷೇಪಣೆಗಳೂ ಇವೆ. ಪೌಲ ಮತ್ತು ಸೀಲರು ಫಿಲಿಪ್ಪಿಯ ಸೆರೆಮನೆಯಲ್ಲಿ ನಡುರಾತ್ರಿ ಹಾಡಲಿಲ್ಲವೇ? ಹಾಡಿದರು. ಆದರೆ ಪ್ರೇಷಿತರ ಕಾರ್ಯಕಲಾಪಗಳು ಹೇಳುವ ಪ್ರಕಾರ ಇತರ ಕೈದಿಗಳು ಅದನ್ನು ಕಿವಿಗೊಟ್ಟು ಕೇಳುತ್ತಿದ್ದರು. ಹೊಡೆತ ತಿಂದು, ಕಾಲಿಗೆ ಕೋಳ ಬಿದ್ದು, ಆಚೆ ಹೋಗಲು ದಾರಿಯಿಲ್ಲದವರ ಹಾಡು ಅದು. ಪ್ರಭು ಹೇಳಿದ ಸಾಮತಿಯಲ್ಲಿ ಗೆಳೆಯನೊಬ್ಬ ನಡುರಾತ್ರಿ ಬಾಗಿಲು ಬಡಿಯಲಿಲ್ಲವೇ? ಬಡಿದನು. ಮಕ್ಕಳು ಮಲಗಿರುವ ಮನೆಯ ಬಾಗಿಲನ್ನೇ ಬಡಿದನು. ಆದರೆ ಹಸಿದು ಬಂದ ಅತಿಥಿಯ ರೊಟ್ಟಿಗಾಗಿ ಬಡಿದನು. ಇಲ್ಲಿಂದ ನಮಗೊಂದು ಅಳತೆಗೋಲು ಸಿಗುತ್ತದೆ. ಯಾರಿಗೋ ಎದೆನೋವು ಬಂದರೆ, ಮಗು ಕಾಣದಿದ್ದರೆ, ಮಳೆನೀರು ಡೇರೆಗೆ ನುಗ್ಗಿದರೆ ಇಡೀ ಬಿಡಾರವನ್ನು ಎಬ್ಬಿಸಬೇಕು. ಎಬ್ಬಿಸದಿರುವುದೇ ಪಾಪ. ನಮ್ಮ ಉತ್ಸಾಹಕ್ಕಾಗಿ ಎಬ್ಬಿಸುವುದು ಬೇರೆ.

ಪ್ರಭು ಯೇಸುವೂ ಬೇಗ ಏಳುವವರೇ. ಸಂತ ಮಾರ್ಕರ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ, ಕಫೆರ್ನವುಮಿನಲ್ಲಿ ಸಂಜೆಯೆಲ್ಲ ರೋಗಿಗಳನ್ನು ಗುಣಪಡಿಸಿದ ಮರುದಿನ, ಇನ್ನೂ ಕತ್ತಲಿರುವಾಗಲೇ ಅವರು ಎದ್ದರು. ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರು. ಸಿಮೋನ ಮತ್ತು ಸಂಗಡಿಗರು ಆಮೇಲೆ ಅವರನ್ನು ಹುಡುಕಿಕೊಂಡು ಹೋಗಬೇಕಾಯಿತು. ಅಂದರೆ ಅವರು ಹೊರಟದ್ದು ಯಾರಿಗೂ ತಿಳಿದಿರಲಿಲ್ಲ. ನಸುಕಿನ ಪ್ರಾರ್ಥನೆ ಮತ್ತು ಇತರರ ನಿದ್ದೆ ಒಂದಕ್ಕೊಂದು ವಿರೋಧವಲ್ಲ. ನಡುವೆ ನಾಲ್ಕು ಹೆಜ್ಜೆ ದೂರ ಬೇಕು, ಅಷ್ಟೆ.

6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ಬರೆದ ನಿಯಮಾವಳಿಯಲ್ಲೂ ಇದೇ ವಿವೇಕವಿದೆ. ಅವರ ಸನ್ಯಾಸಿಗಳು ನಮ್ಮ ಶಿಬಿರದವರಂತೆಯೇ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು, ರಾತ್ರಿ ಇರುವಾಗಲೇ ಪ್ರಾರ್ಥನೆಗೆ ಏಳುತ್ತಿದ್ದರು. ದಿನದ ಕೊನೆಯ ಪ್ರಾರ್ಥನೆಯ ನಂತರ ಯಾರೂ ಮಾತಾಡಕೂಡದು, ಅತಿಥಿಗಳ ಅಗತ್ಯ ಬಂದರೆ ವಿನಾಯಿತಿ. ಮಧ್ಯಾಹ್ನದ ವಿಶ್ರಾಂತಿಯಲ್ಲಿ ಓದುವವನು ಇತರರಿಗೆ ತೊಂದರೆಯಾಗದಂತೆ ಓದಿಕೊಳ್ಳಬೇಕು. ಏಳುವಾಗ ಒಬ್ಬರನ್ನೊಬ್ಬರು ಮೆಲ್ಲಗೆ ಹುರಿದುಂಬಿಸಬೇಕು. ಪ್ರಾರ್ಥನೆಯನ್ನೇ ಬದುಕಾಗಿ ಮಾಡಿಕೊಂಡವರು ಬರೆದ ನಿಯಮ ಇದು.

ಹಾಗಾದರೆ ಈ ಸಲ ನಾವು ಮಾಡಬಹುದಾದ ಕೆಲವು ಕೆಲಸಗಳಿವೆ. ನಸುಕಿನಲ್ಲಿ ಹೊರಡುವವರು ಬಾಗಿಲ ಬಳಿ ಒಟ್ಟಿಗೆ ಮಲಗಲಿ, ಚೀಲವನ್ನು ರಾತ್ರಿಯೇ ಕಟ್ಟಿಡಲಿ. ಜಪಸರವನ್ನು ಡೇರೆಗಳಿಂದ ದೂರ ನಡೆದುಹೋಗಿ ಆರಂಭಿಸಲಿ. ಆರು ಗಂಟೆಯವರೆಗೆ ಮೈಕು ಮುಟ್ಟುವುದು ಬೇಡ. ಚಾಲಕರಿಗೆ ಬೇರೆ ಕೋಣೆ ಕೊಡೋಣ. ಟಾರ್ಚು ನೆಲ ನೋಡಲಿ. ಯಾರನ್ನಾದರೂ ಎಬ್ಬಿಸಲೇಬೇಕಾದರೆ ಹೆಗಲು ಮುಟ್ಟಿ ಎಬ್ಬಿಸೋಣ. ದಣಿದು ಮರದಡಿ ಮಲಗಿದ್ದ ಪ್ರವಾದಿ ಎಲೀಯನನ್ನು ದೇವದೂತನು ಕೈಯಿಂದ ಮುಟ್ಟಿ ಎಬ್ಬಿಸಿದನು, ರೊಟ್ಟಿಯನ್ನೂ ನೀರನ್ನೂ ಇಟ್ಟಿದ್ದನು. ಎಲೀಯನು ತಿಂದು ಮತ್ತೆ ಮಲಗಿದಾಗ ಗದರಿಸಲಿಲ್ಲ.

ದೇವರು ತಮ್ಮ ಪ್ರಿಯರಿಗೆ ನಿದ್ದೆಯನ್ನು ಕೊಡುಗೆಯಾಗಿ ಕೊಡುತ್ತಾರೆಂದು 127ನೇ ಕೀರ್ತನೆ ನಂಬುತ್ತದೆ. ಅವರು ಕೊಟ್ಟದ್ದನ್ನು ಅವರದೇ ಹೆಸರಿನಲ್ಲಿ ನಾವು ಕಿತ್ತುಕೊಳ್ಳದಿರೋಣ. ಬೇಗ ಏಳುವ ಭಾಗ್ಯ ಸಿಕ್ಕವರು ತಮ್ಮ ಮೊದಲ ಪ್ರಾರ್ಥನೆಯನ್ನು, ಇನ್ನೂ ಮಲಗಿರುವ ಆ ಅಕ್ಕಂದಿರಿಗಾಗಿ, ಆ ಚಾಲಕನಿಗಾಗಿ, ಬೇಲಿಯಾಚೆಯ ಊರಿಗಾಗಿ ಮೆಲುದನಿಯಲ್ಲಿ ಸಲ್ಲಿಸಲಿ. ಆರೋಗ್ಯಮಾತೆ ನಮ್ಮೆಲ್ಲರ ಯಾತ್ರೆಯನ್ನು ಕಾಪಾಡಲಿ.