ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಹಳ್ಳಿಯಲ್ಲಿ ಮಕ್ಕಳು ಲಗೋರಿನೋ ಕಬಡ್ಡಿನೋ ಆಡುವಾಗ ತಮ್ಮ ತಂಗಿಯರು ಬಾಲದ ಹಾಗೆ ಹಿಂದೆ ಬಂದುಬಿಡ್ತಾರೆ. ಸೇರಿಸಿಕೊಳ್ಳದಿದ್ದರೆ ಅಳು, ಮನೆಗೆ ಹೋಗಿ ದೂರು. ಅದಕ್ಕೆ ದೊಡ್ಡ ಹುಡುಗರು ಒಂದು ಉಪಾಯ ಕಂಡುಕೊಂಡಿರ್ತಾರೆ. ಚಿಕ್ಕದು ಓಡಬಹುದು, ಕೂಗಬಹುದು, ಆದರೆ ಔಟಾದರೂ ಔಟಲ್ಲ, ಪಾಯಿಂಟ್ ತಂದರೂ ಪಾಯಿಂಟಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಚಿಕ್ಕದಕ್ಕೆ ಅದು ಅರ್ಥವಾಗುವವರೆಗೆ ಖುಷಿಯೋ ಖುಷಿ. ಅರ್ಥವಾದ ದಿನ ಮಾತ್ರ ಎಂದೂ ಇಲ್ಲದ ಸಿಟ್ಟು ಬರುತ್ತೆ.

ಸ್ಯಾನ್ ಮರಿನೋ ಫುಟ್‌ಬಾಲ್ ತಂಡದ ಹತ್ತು ವರ್ಷದ ಫಲಿತಾಂಶಗಳನ್ನು ಸಾಲಾಗಿ ಓದುತ್ತಾ ಹೋದರೆ ಈ ಮಾತು ನೆನಪಾಗದೇ ಇರೋದಿಲ್ಲ. ಸುತ್ತಲೂ ಇಟಲಿ, ನಡುವೆ 61 ಚದರ ಕಿಲೋಮೀಟರಿನ ಪುಟ್ಟ ಗಣರಾಜ್ಯ. ಜನಸಂಖ್ಯೆ ಸುಮಾರು 34,000. ಬೆಂಗಳೂರಿನ ಒಂದು ವಾರ್ಡಿನಷ್ಟು ಅಂದುಕೊಳ್ಳಿ. ಆಟಗಾರರಲ್ಲಿ ಹೆಚ್ಚಿನವರಿಗೆ ಫುಟ್‌ಬಾಲ್ ಹೊಟ್ಟೆಪಾಡಲ್ಲ. ಹಗಲು ಆಫೀಸು, ಅಂಗಡಿ, ಕಾಲೇಜು, ಸಂಜೆ ಪ್ರಾಕ್ಟೀಸು. 1990ರಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ಮೊದಲ ಅಧಿಕೃತ ಪಂದ್ಯ ಆಡಿ 0-4ರಲ್ಲಿ ಸೋತರು. 2004ರ ಏಪ್ರಿಲ್ 28ರಂದು ಒಂದು ಸೌಹಾರ್ದ ಪಂದ್ಯದಲ್ಲಿ ಲಿಕ್ಟನ್‌ಸ್ಟೈನ್ ತಂಡವನ್ನು 1-0ಯಿಂದ ಸೋಲಿಸಿದರು. ಆಮೇಲೆ 140 ಪಂದ್ಯ, ಇಪ್ಪತ್ತು ವರ್ಷ, ಒಂದೇ ಒಂದು ಗೆಲುವಿಲ್ಲ.

ನಾನು ಹೇಳ್ತಿರೋ ದಶಕ 2014ರ ನವೆಂಬರಿನಿಂದ 2024ರ ನವೆಂಬರಿನವರೆಗಿನದ್ದು. ಅದು ಶುರುವಾಗೋದು ಒಂದು 0-0ಯಿಂದ. ಸತತ 61 ಸೋಲುಗಳ ನಂತರ, 2014ರ ನವೆಂಬರ್ 15ರಂದು, ಎಸ್ಟೋನಿಯಾ ವಿರುದ್ಧ ಡ್ರಾ. ಯೂರೋ ಅರ್ಹತಾ ಸುತ್ತಿನ ಇತಿಹಾಸದಲ್ಲೇ ಅವರಿಗೆ ಸಿಕ್ಕ ಮೊದಲ ಪಾಯಿಂಟ್ ಅದು. 2015ರಲ್ಲಿ ಲಿಥುವೇನಿಯಾದಲ್ಲಿ ಮಟೆಯೋ ವಿಟಯೋಲಿ ಗೋಲು ಹೊಡೆದು 1-1 ಮಾಡಿದ. ಪಂದ್ಯದ ಕೊನೇ ಗಳಿಗೆಯಲ್ಲಿ ಎದುರಾಳಿ ಇನ್ನೊಂದು ಹೊಡೆದು ಗೆದ್ದರು. ಮಿಕ್ಕಂತೆ ಸೋಲು, ಸೋಲು, ಸೋಲು. 2016ರಲ್ಲಿ ಜರ್ಮನಿ ವಿರುದ್ಧ 0-8, 2019ರಲ್ಲಿ ಬೆಲ್ಜಿಯಂ ವಿರುದ್ಧ 0-9, 2021ರಲ್ಲಿ ಇಂಗ್ಲೆಂಡ್ ವಿರುದ್ಧ 0-10.

ಆ 0-8 ಪಂದ್ಯದ ನಂತರ ಜರ್ಮನಿಯ ಥಾಮಸ್ ಮುಲ್ಲರ್, ಇಂಥ ಪಂದ್ಯಕ್ಕೂ ವೃತ್ತಿಪರ ಫುಟ್‌ಬಾಲಿಗೂ ಸಂಬಂಧವೇ ಇಲ್ಲ ಅನ್ನೋ ಅರ್ಥದ ಮಾತಾಡಿದ. ಸ್ಯಾನ್ ಮರಿನೋ ಕಡೆಯಿಂದ ಹತ್ತು ಕಾರಣಗಳ ಖಾರವಾದ ಉತ್ತರ ಬಂತು, ಜಗತ್ತು ಚಿಕ್ಕವರ ಪರ ಚಪ್ಪಾಳೆ ತಟ್ಟಿತು. ಆದರೆ ಮುಲ್ಲರ್ ಪ್ರಶ್ನೆಯನ್ನು ಹಾಗೆ ಚಪ್ಪಾಳೆಯಲ್ಲಿ ಮುಳುಗಿಸಿಬಿಡೋದು ನ್ಯಾಯವಲ್ಲ. ಅವನ ಮಾತಿನ ಇನ್ನೊಂದು ಭಾಗ ಹೀಗಿತ್ತು: ವಿಶ್ವ ಚಾಂಪಿಯನ್ನರ ಜೊತೆ ಆಡೋದು ಅವರಿಗೆ ವಿಶೇಷ ಅನ್ನೋದು ಗೊತ್ತು, ಒರಟಾಗಿ ಅಡ್ಡ ಬರದೆ ಅವರಿಗೆ ಬೇರೆ ದಾರಿಯಿಲ್ಲ ಅನ್ನೋದೂ ಗೊತ್ತು, ಆದರೆ ಈ ಅಪಾಯ ನಮಗೆ ಬೇಕಾ? ನಿಮ್ಮ ಘನತೆಯ ಖರ್ಚು ನನ್ನ ಮೊಣಕಾಲು ಯಾಕೆ ಕೊಡಬೇಕು ಅಂತ ಒಬ್ಬ ಕೇಳಿದರೆ, ಅದು ಅಹಂಕಾರ ಮಾತ್ರವೇ ಅಲ್ಲ. ಸೋಲೋದು ಖಚಿತವಾದ ಆಟವನ್ನು ಮತ್ತೆ ಮತ್ತೆ ಆಡುವ ಹಕ್ಕು ಎಲ್ಲಿಂದ ಬರುತ್ತೆ?

ನಮ್ಮಲ್ಲಿ ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಒಂದು, ಗೆಲುವಿಗಿಂತ ಭಾಗವಹಿಸೋದು ಮುಖ್ಯ. ಇನ್ನೊಂದು, ಫಲದ ಆಸೆ ಬಿಟ್ಟು ಕೆಲಸ ಮಾಡು ಅನ್ನೋ ಗೀತೆಯ ಮಾತು. ಇವೆರಡನ್ನೂ ನಾವು ಬಳಸೋದು ಹೆಚ್ಚಾಗಿ ಬೇರೆಯವರು ಸೋತಾಗ. ಆದರೆ ಸ್ಯಾನ್ ಮರಿನೋದವರಿಗೆ ಫಲದ ಆಸೆ ಹೋಗೇ ಇಲ್ಲವಲ್ಲ! 2019ರ ನವೆಂಬರಿನಲ್ಲಿ ಕಜಕಸ್ತಾನದ ವಿರುದ್ಧ ಫಿಲಿಪ್ಪೋ ಬೆರಾರ್ಡಿ ಒಂದು ಗೋಲು ಹೊಡೆದ. ಪಂದ್ಯ 1-3ರಲ್ಲಿ ಸೋತಾಗಿತ್ತು. ಆದರೂ ಅದು ತವರಿನಲ್ಲಿ ಆರು ವರ್ಷದ ನಂತರ ಬಂದ ಮೊದಲ ಗೋಲು ಅನ್ನೋದು ಅಲ್ಲಿನವರಿಗೆ ಗೊತ್ತಿತ್ತು. ಆರು ವರ್ಷ ಅಂತ ಲೆಕ್ಕ ಇಟ್ಟವರಿಗೆ ತಾನೇ ಆ ಗೋಲಿನ ರುಚಿ ಗೊತ್ತಾಗೋದು? ಅಂಥವರ ಹತ್ತಿರ ಹೋಗಿ ಫಲಿತಾಂಶ ಮುಖ್ಯ ಅಲ್ಲ ಬಿಡಿ ಅಂದರೆ, ಅವರನ್ನು ಲಗೋರಿಯ ಆ ಚಿಕ್ಕ ಮಗುವಿನ ಜಾಗದಲ್ಲಿ ನಿಲ್ಲಿಸಿದ ಹಾಗೆ.

ನಮ್ಮ ಐಟಿ ಕಡೆ ಇದು ದಿನನಿತ್ಯ ನಡೆಯುತ್ತೆ. ಕನ್ನಡ ಮೀಡಿಯಮ್ಮಿನಿಂದ ಬಂದ ಹೊಸ ಹುಡುಗನ ಕೋಡ್‌ನಲ್ಲಿ ತಪ್ಪಿರುತ್ತೆ. 'ಪರವಾಗಿಲ್ಲ, ಚೆನ್ನಾಗಿದೆ' ಅಂತ ಬೆನ್ನು ತಟ್ಟಿ, ರಾತ್ರಿ ತಾವೇ ಕೂತು ಅದನ್ನು ತಿದ್ದಿ ಹಾಕುವ ಸೀನಿಯರುಗಳನ್ನು ನೀವೂ ನೋಡಿರ್ತೀರಿ. ಒಳ್ಳೇ ಮನಸ್ಸಿನವರೇ. ಆದರೆ ಆ ಹುಡುಗ ಒಂದು ವರ್ಷ ಆಟದಲ್ಲಿರ್ತಾನೆ, ಲೆಕ್ಕದಲ್ಲಿರೋದಿಲ್ಲ. ಅಪ್ರೈಸಲ್ ದಿನ ಒಮ್ಮೆಲೇ ಲೆಕ್ಕಕ್ಕೆ ಬಂದಾಗ ಅವನಿಗೆ ಎರಡು ಮಾತು ಒಟ್ಟಿಗೆ ಕೇಳಿಸುತ್ತೆ. ಈ ವರ್ಷ ನಿನ್ನ ಕೆಲಸ ಇಷ್ಟೇ ಅನ್ನೋದು ಒಂದು. ನೀನು ಇಲ್ಲಿಗೆ ಬರಲೇಬಾರದಿತ್ತು ಅನ್ನೋದು ಇನ್ನೊಂದು. ಮೊದಲನೆಯದು ಅಳತೆ. ಎರಡನೆಯದನ್ನು ಹೇಳುವ ಶಕ್ತಿ ಯಾವ ಅಳತೆಗೂ ಇಲ್ಲ. 0-8 ಅನ್ನೋದು ಆ ರಾತ್ರಿ ಎರಡು ತಂಡಗಳ ನಡುವೆ ಎಷ್ಟು ಅಂತರವಿತ್ತು ಅಂತ ಹೇಳುತ್ತೆ, ಅಷ್ಟೇ. ಮೈದಾನಕ್ಕೆ ಯಾರು ಬರಬಹುದು ಅನ್ನೋದು ಆ ಅಂಕಿಯಲ್ಲಿ ಬರೆದಿರೋದಿಲ್ಲ.

ಇನ್ನೊಂದು ಸಂಗತಿಯಿದೆ. ಆ ಪಂದ್ಯದಲ್ಲಿ ಜರ್ಮನಿ ಪರ ಮೊದಲ ಸಲ ಆಡಿದ ಸೆರ್ಜ್ ನಾಬ್ರಿ ಮೂರು ಗೋಲು ಹೊಡೆದ. ಅವನ ದಾಖಲೆಯಲ್ಲಿ ಆ ಮೂರೂ ಇವತ್ತಿಗೂ ಇವೆ. ಅವಕ್ಕೆ ಬೆಲೆ ಬಂದಿದ್ದು ಎದುರಿಗಿದ್ದವರು ನಿಜವಾಗಿಯೂ ತಡೆಯಲು ಓಡಿದ್ದರಿಂದ. ಐದು ಗೋಲಾದ ಮೇಲೆ ಅವರು ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟಿದ್ದರೆ ಗೆದ್ದವನ ಅಂಕಿಯೂ ಪೊಳ್ಳಾಗುತ್ತಿತ್ತು. ಮೈದಾನದಲ್ಲಿರುವ ಹಕ್ಕು ಬರೋದು ಇಲ್ಲಿಂದಲೇ ಅನಿಸುತ್ತೆ ನನಗೆ. ಪೂರ್ತಿ ಪ್ರಯತ್ನ ಮಾಡ್ತೀನಿ, ಬಂದ ಅಂಕಿಯನ್ನು ಹಾಗೇ ಒಪ್ಕೋತೀನಿ ಅನ್ನುವವನಿಗೆ ಆ ಹಕ್ಕಿದೆ. ಗೆದ್ದವನ ಕಡೆಯ ಋಣ ಏನು? ಕರುಣೆಯಿಂದ ನಿಧಾನ ಆಡದೇ ಇರೋದು.

ಮುಲ್ಲರ್ ಪ್ರಶ್ನೆಗೆ ಒಂದು ಪ್ರಾಯೋಗಿಕ ಉತ್ತರವೂ ಬಂತು. 2018ರಲ್ಲಿ ಯುಇಎಫ್‌ಎ ನೇಷನ್ಸ್ ಲೀಗ್ ಶುರುವಾಗಿ, ಹೆಚ್ಚುಕಡಿಮೆ ಸಮಬಲದ ತಂಡಗಳು ಪರಸ್ಪರ ಆಡುವಂತಾಯಿತು. ಸರಿ, ಇನ್ನೇನು ಗೆಲುವು ಬಂತು ಅಂದುಕೊಂಡಿರಾ? ಮೊದಲ ಆವೃತ್ತಿಯಲ್ಲಿ ಆರಕ್ಕೆ ಆರೂ ಸೋಲು, ಒಂದೂ ಗೋಲಿಲ್ಲ. 2020ರಲ್ಲಿ ಲಿಕ್ಟನ್‌ಸ್ಟೈನ್ ಮತ್ತು ಜಿಬ್ರಾಲ್ಟರ್ ಜೊತೆ ತಲಾ ಒಂದು 0-0. ಮುಂದಿನ ಆವೃತ್ತಿಯಲ್ಲಿ ಮತ್ತೆ ನಾಲ್ಕಕ್ಕೆ ನಾಲ್ಕೂ ಸೋಲು. ಮೈದಾನ ಸಮತಟ್ಟಾದ ತಕ್ಷಣ ಕಾಲಿಗೆ ಬಲ ಬರೋದಿಲ್ಲ. ಹಿಂದುಳಿದವರಿಗೆ ಅವಕಾಶ ಕೊಟ್ಟು ಮರುವರ್ಷವೇ ಎಲ್ಲಿ ಫಲ ಅಂತ ಕೇಳುವವರು ಈ ಸಾಲನ್ನು ಒಮ್ಮೆ ನೋಡಬೇಕು.

ಗೆಲುವು ಬಂದಿದ್ದು 2024ರ ಸೆಪ್ಟೆಂಬರ್ 5ರಂದು, ಅದೇ ಲಿಕ್ಟನ್‌ಸ್ಟೈನ್ ವಿರುದ್ಧ, 1-0. ಗೋಲು ಹೊಡೆದ ನಿಕೋ ಸೆನ್ಸೋಲಿಗೆ ಆಗ 19 ವರ್ಷ. ಹಿಂದಿನ ಗೆಲುವಿನ ದಿನ ಅವನಿನ್ನೂ ಹುಟ್ಟಿರಲೇ ಇಲ್ಲ. ನವೆಂಬರ್ 18ರಂದು ಲಿಕ್ಟನ್‌ಸ್ಟೈನ್‌ನ ರಾಜಧಾನಿ ವಾಡುಜ್‌ನಲ್ಲಿ ಮೊದಲು ಒಂದು ಗೋಲು ಬಿಟ್ಟುಕೊಟ್ಟು, ಆಮೇಲೆ 3-1ರಲ್ಲಿ ಗೆದ್ದರು. ಹೊರದೇಶದಲ್ಲಿ ಮೊದಲ ಜಯ. ಗುಂಪಿನಲ್ಲಿ ಮೊದಲ ಸ್ಥಾನ, ಮೇಲಿನ ದರ್ಜೆಗೆ ಬಡ್ತಿ.

ಇಲ್ಲಿಗೆ ನಿಲ್ಲಿಸಿದರೆ ಇದು ಸೋಮವಾರ ಬೆಳಿಗ್ಗೆ ವಾಟ್ಸಾಪಿನಲ್ಲಿ ಬರುವ ಸ್ಫೂರ್ತಿಯ ಕಥೆ ಆಗಿಬಿಡುತ್ತೆ. ಆದರೆ ಅವರ ಗೆಲುವು ಲಿಕ್ಟನ್‌ಸ್ಟೈನ್ ಸೋಲಿನಿಂದ ಬಂದದ್ದು. ಅದೂ ಸುಮಾರು 40,000 ಜನರ ದೇಶವೇ. ಆ ರಾತ್ರಿ ಅಲ್ಲೂ ಯಾರೋ ತಲೆ ತಗ್ಗಿಸಿಕೊಂಡು ಮನೆಗೆ ಹೋಗಿದ್ದಾರೆ. ಇನ್ನು 2025ರ ಅಕ್ಟೋಬರಿನಲ್ಲಿ, ಬಡ್ತಿ ಸಿಕ್ಕಿ ವರ್ಷ ತುಂಬುವ ಮೊದಲೇ, ವಿಯೆನ್ನಾದಲ್ಲಿ ಆಸ್ಟ್ರಿಯಾ ಇವರನ್ನು 10-0ಯಿಂದ ಸೋಲಿಸಿತು.

ಹಾಗಾಗಿ ನಾನು ಕೇಳಬೇಕೆಂದಿರೋದು ಬೇರೆಯೇ. ಸೆನ್ಸೋಲಿಯ ಆ ಚೆಂಡು ಒಂದು ಗೇಣು ಆಚೆ ಹೋಗಿದ್ದರೆ ಆ 140 ಪಂದ್ಯಗಳು ವ್ಯರ್ಥವಾಗ್ತಿದ್ದವಾ? 2004ರ ಏಪ್ರಿಲಿನ ನಂತರ ತಂಡಕ್ಕೆ ಬಂದು, 2024ರ ಸೆಪ್ಟೆಂಬರಿಗೆ ಮುಂಚೆ ನಿವೃತ್ತರಾದವರು ಎಷ್ಟೋ ಜನ ಇದ್ದಾರೆ. ದೇಶದ ಜರ್ಸಿ ತೊಟ್ಟು ಒಂದು ಗೆಲುವನ್ನೂ ಕಾಣದವರು. ಕೊನೆಗೆ ಗೆದ್ದರಲ್ಲ ಅನ್ನೋದೇ ಸಮರ್ಥನೆಯಾದರೆ ಇವರಿಗೆ ಅದರಲ್ಲಿ ಪಾಲಿಲ್ಲ.

ನನ್ನ ಪ್ರಕಾರ ಅವರಿಗೆ ಆ ಸಮರ್ಥನೆ ಬೇಕಾಗಿಯೂ ಇಲ್ಲ. ಕೆಲಸ ಮುಗಿಸಿ ಬಂದು ತೊಂಬತ್ತು ನಿಮಿಷ ಓಡಿದರು, ಆರು ಗೋಲಾದ ಮೇಲೂ ಏಳನೆಯದನ್ನು ತಡೆಯಲು ನೋಡಿದರು, ಆಮೇಲೆ ಸ್ಕೋರ್‌ಬೋರ್ಡಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆಸಿಕೊಂಡು ಹೋದರು. ಸೆನ್ಸೋಲಿ ಬಂದು ಸೇರಿಕೊಳ್ಳೋಕೆ ಒಂದು ತಂಡ ಉಳಿದಿದ್ದು ಅವರಿಂದಾಗಿ ಅನ್ನೋದು ನಿಜ, ಆದರೆ ಸೆನ್ಸೋಲಿ ಬರದೇ ಇದ್ದಿದ್ದರೂ ಅವರು ಆಡಿದ್ದು ಆಡಿದ್ದೇ. ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಸೊನ್ನೆ ಗೆಲುವು ಅಂತಿದೆ. ಲೆಕ್ಕಕ್ಕಿಲ್ಲದವರ ಹೆಸರಿನ ಮುಂದೆ ಆ ಸೊನ್ನೆಯನ್ನೂ ಯಾರೂ ಬರೆಯೋದಿಲ್ಲ.